ವಿದ್ಯಾಲಯವನ್ನು ಬದಲಿಸುವ ವಿದ್ಯಾರ್ಥಿ ಮತ್ತು ಅನಿಹ್ನವದ ಆಚಾರ

ಜೈನಾಚಾರ್ಯರು ಜ್ಞಾನಾಚಾರಕ್ಕೆ ಎಂಟು ಅಂಗಗಳನ್ನು ಹೇಳಿದ್ದಾರೆ. ಕಾಲ, ವಿನಯ, ಉಪಧಾನ, ಬಹುಮಾನ, ಅನಿಹ್ನವ, ವ್ಯಂಜನ, ಅರ್ಥ, ತದುಭಯ ಎಂಬ ಈ ಎಂಟರಲ್ಲಿ ವಿನಯ ಮತ್ತು ಬಹುಮಾನಗಳ ವಿಷಯವಾಗಿ ಪ್ರವಚನಗಳಲ್ಲಿ ಸಾಕಷ್ಟು ಕೇಳಿಬರುತ್ತದೆ. ಐದನೆಯದಾದ ಅನಿಹ್ನವವನ್ನು ಮಾತ್ರ ಹೆಸರು ಹೇಳಿ ದಾಟಿಬಿಡುವುದೇ ರೂಢಿ. ನಿಹ್ನವವೆಂದರೆ ಮರೆಮಾಚುವುದು. ಯಾವ ಗುರುವಿನ ಬಳಿ ಕಲಿತೆನೋ ಆ ಗುರುವಿನ ಹೆಸರನ್ನು ಅಡಗಿಸುವುದು, ಸಾಮಾನ್ಯ ಗುರುವಿನಲ್ಲಿ ಓದಿ ಪ್ರಸಿದ್ಧ ಗುರುವಿನ ಶಿಷ್ಯನೆಂದು ಹೇಳಿಕೊಳ್ಳುವುದು ಈ ದೋಷದ ಲಕ್ಷಣವೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗಲೂ ನಿಹ್ನವವನ್ನು ಎರಡನೆಯದಾಗಿ ಇಟ್ಟಿದ್ದಾರೆ. ಅದರ ಜೊತೆಗೆ ಮಾತ್ಸರ್ಯವೂ ಅಂತರಾಯವೂ ಇವೆ.

ಇಂಥ ಶಾಸ್ತ್ರವಿಚಾರವು ಮುನಿಗಳಿಗೆ ಮತ್ತು ಪಂಡಿತರಿಗೆ ಸಂಬಂಧಿಸಿದ್ದು, ಸಂಸಾರಸ್ಥ ಶ್ರಾವಕನಿಗೆ ಇದರಿಂದ ಆಗಬೇಕಾದುದೇನು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಪ್ರತಿ ವರ್ಷ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಅನೇಕ ಜೈನ ಮನೆಗಳಲ್ಲಿಯೂ ವಿದ್ಯಾರ್ಥಿವೇತನ ಕೊಡುವ ಬಸದಿ ಟ್ರಸ್ಟ್‌ಗಳ ಸಭೆಗಳಲ್ಲಿಯೂ ಏಳುವ ಒಂದು ಪ್ರಶ್ನೆಗೆ ಈ ಶಬ್ದಗಳು ನೇರವಾಗಿ ಸಂಬಂಧಿಸಿವೆ. ಒಂದು ಕಾಲೇಜಿನಲ್ಲಿ ಪದವಿಯ ಓದನ್ನು ಆರಂಭಿಸಿದ ಹುಡುಗನೋ ಹುಡುಗಿಯೋ ನಡುವೆಯೇ ಅದನ್ನು ಬಿಟ್ಟು, ಸಾವಿರಾರು ಜನ ಬಯಸಿ ಕೆಲವರಿಗೆ ಮಾತ್ರ ದೊರೆಯುವ ಇನ್ನೊಂದು ವಿದ್ಯಾಪೀಠಕ್ಕೆ ಹೋಗುವುದು ಉಚಿತವೇ? ಹೋದರೆ ಬಿಟ್ಟುಹೋದ ಕಾಲೇಜಿಗೆ, ಆ ಸ್ಥಾನಕ್ಕಾಗಿ ಕಾದಿದ್ದ ಇನ್ನೊಬ್ಬನಿಗೆ, ಹಣ ಕೊಟ್ಟ ಟ್ರಸ್ಟಿಗೆ ಆ ವಿದ್ಯಾರ್ಥಿಯ ಋಣವೆಷ್ಟು?

ಲೋಕಾಪುರದ ವರ್ತಕರೊಬ್ಬರ ಮಗನನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಇದು ಯಾವುದೋ ಒಂದು ಮನೆಯ ಕಥೆಯಲ್ಲ, ಹಲವು ಮನೆಗಳಲ್ಲಿ ನಡೆಯುವಂಥದನ್ನು ಒಂದೆಡೆ ಕೂಡಿಸಿದ್ದು. ಹುಡುಗ ಸಿ.ಇ.ಟಿ. ಬರೆದು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಸೀಟು ಪಡೆಯುತ್ತಾನೆ. ಬಸದಿಯ ಟ್ರಸ್ಟು ನಾಲ್ಕು ವರ್ಷಗಳ ವಿದ್ಯಾರ್ಥಿವೇತನವನ್ನು ಮಂಜೂರು ಮಾಡಿ ಮೊದಲ ಕಂತನ್ನು ಕೊಡುತ್ತದೆ. ಹುಡುಗನ ಮನಸ್ಸು ಮಾತ್ರ ಐ.ಐ.ಟಿ.ಯಲ್ಲಿ. ಒಂದು ವರ್ಷ ತರಗತಿಗಳಿಗೆ ಹೋಗುತ್ತಲೇ ರಾತ್ರಿ ಕುಳಿತು ಪುನಃ ಪ್ರವೇಶ ಪರೀಕ್ಷೆಗೆ ಸಿದ್ಧನಾಗುತ್ತಾನೆ. ಐ.ಐ.ಟಿ.ಗಳು ಬೇರೆ ಕಾಲೇಜಿನವರನ್ನು ಬಿ.ಟೆಕ್.ನ ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ. ಜೆ.ಇ.ಇ. ಅಡ್ವಾನ್ಸ್ಡ್ ಪರೀಕ್ಷೆಯನ್ನು ಎರಡು ಅನುಕ್ರಮ ವರ್ಷಗಳಲ್ಲಿ ಎರಡೇ ಸಲ ಬರೆಯಬಹುದು, ಉತ್ತೀರ್ಣನಾದರೆ ಮೊದಲ ವರ್ಷದಿಂದಲೇ ಆರಂಭಿಸಬೇಕು. ಹೀಗಾಗಿ ಈ ದೇಶದಲ್ಲಿ ಅತ್ಯುಚ್ಚ ವಿದ್ಯಾಪೀಠಕ್ಕೆ ಬದಲಾಗುವುದೆಂದರೆ ಸಾಮಾನ್ಯವಾಗಿ ಒಂದು ವರ್ಷವನ್ನು ಕಳೆದುಕೊಳ್ಳುವುದೇ ಆಗಿದೆ. 2021ರಲ್ಲಿ ಯು.ಜಿ.ಸಿ.ಯು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಯ ನಿಯಮಗಳನ್ನು ಹೊರಡಿಸಿ, ಒಂದೆಡೆ ಓದಿದ್ದನ್ನು ಜಮಾ ಇಟ್ಟು ಇನ್ನೊಂದೆಡೆ ಲೆಕ್ಕಕ್ಕೆ ಹಿಡಿಯುವ ದಾರಿ ತೆರೆದಿದೆ. ಆದರೂ ಬಲು ಬೇಡಿಕೆಯ ಸಂಸ್ಥೆಗಳ ಬಾಗಿಲಲ್ಲಿ ಪ್ರವೇಶ ಪರೀಕ್ಷೆಯೇ ನಿಂತಿದೆ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಪದವಿಯ ಒಂದೆರಡು ವರ್ಷಗಳನ್ನು ಒಂದು ಕಾಲೇಜಿನಲ್ಲಿ ಓದಿ ಉಳಿದವನ್ನು ಇನ್ನೊಂದರಲ್ಲಿ ಮುಗಿಸುವುದು ಸರ್ವಸಾಮಾನ್ಯ. ಬರಾಕ್ ಒಬಾಮಾ ಅವರು ಲಾಸ್ ಏಂಜಲೀಸಿನ ಆಕ್ಸಿಡೆಂಟಲ್ ಕಾಲೇಜಿನಲ್ಲಿ ಎರಡು ವರ್ಷ ಓದಿ 1981ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬದಲಾದವರು. ಆದರೆ ಅಲ್ಲಿಯೂ ಶಿಖರದ ಸಂಸ್ಥೆಗಳ ಬಾಗಿಲು ಬಹಳ ಕಿರಿದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು 1990ರಿಂದ ಇಂಥ ಪ್ರವೇಶವನ್ನು ನಿಲ್ಲಿಸಿಬಿಟ್ಟಿತ್ತು. 2018ರಲ್ಲಿ ಪುನರಾರಂಭಿಸಿದಾಗ 1,429 ಅರ್ಜಿಗಳು ಬಂದು 13 ಜನರಿಗೆ ಪ್ರವೇಶ ದೊರೆಯಿತು. ಹಾರ್ವರ್ಡ್ ಸಹ ವಿದ್ಯಾರ್ಥಿನಿಲಯಗಳಲ್ಲಿ ಸ್ಥಳ ಸಾಲದೆಂದು 2008ರಲ್ಲಿ ಎರಡು ವರ್ಷಗಳ ಮಟ್ಟಿಗೆ ಇದನ್ನು ತಡೆಹಿಡಿದಿತ್ತು. ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ಬದಲಾಗಬಯಸುವವನು ಮೊದಲ ಕಾಲೇಜಿನ ಅಂಕಪಟ್ಟಿಯನ್ನೂ ಆ ಕಾಲೇಜಿನ ಅಧ್ಯಾಪಕರು ಬರೆದುಕೊಟ್ಟ ಶಿಫಾರಸು ಪತ್ರವನ್ನೂ ಒಪ್ಪಿಸಬೇಕಾಗುತ್ತದೆ. ಹಳೆಯ ಗುರುವಿನ ಮಾತಿನ ಮೇಲೆಯೇ ಹೊಸ ಬಾಗಿಲು ತೆರೆಯುತ್ತದೆ.

ಹೀಗೆ ಹೋಗುವುದೇ ತಪ್ಪೆನ್ನುವವರು ಸಮಾಜದಲ್ಲಿ ಇಲ್ಲದಿಲ್ಲ. ಸಿಕ್ಕಿದ್ದರಲ್ಲಿ ತೃಪ್ತಿಯಿಲ್ಲದಿರುವುದು ಲೋಭ, ಇನ್ನೂ ಬೇಕೆನ್ನುವುದು ಪರಿಗ್ರಹ ಎಂದು ಅವರ ವಾದ. ಈ ವಾದಕ್ಕೆ ಲೋಕಾಪುರದ ನೆರೆಯ ಮುಧೋಳವೇ ಸಾವಿರ ವರ್ಷಗಳ ಹಿಂದೆ ಉತ್ತರ ಕೊಟ್ಟಿದೆ. ಕ್ರಿ.ಶ. 949ರಲ್ಲಿ ಅಂದಿನ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ರನ್ನ ಹುಟ್ಟಿದ. ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಬೇಕಾಗಿದ್ದ ಹುಡುಗ ವಿದ್ಯೆಯನ್ನು ಅರಸಿ ತೆಂಕಣಕ್ಕೆ ನಡೆದ. ಗಂಗರ ಮಂತ್ರಿಯೂ ಸೇನಾಪತಿಯೂ ಆದ ಚಾವುಂಡರಾಯನ ಆಶ್ರಯ ದೊರೆಯಿತು, ಅಜಿತಸೇನಾಚಾರ್ಯರು ಗುರುಗಳಾದರು. ರಾಜರೂ ಮಂತ್ರಿಗಳೂ ಯಾರ ಪಾದಮೂಲದಲ್ಲಿ ಕುಳಿತಿದ್ದರೋ ಅಂಥ ಆಚಾರ್ಯರ ಬಳಿ ಬಳೆಗಾರರ ಹುಡುಗನಿಗೆ ಸ್ಥಾನ ಸಿಕ್ಕಿತೆಂದರೆ ಅದು ಆ ಕಾಲದ ಅತ್ಯಂತ ದುರ್ಲಭ ಪ್ರವೇಶವೇ ಸರಿ. ಅವನನ್ನು ಲೋಭಿಯೆಂದು ಯಾರೂ ಕರೆದಿಲ್ಲ. ಅವನು ಹೋಗದೆ ಉಳಿದಿದ್ದರೆ ಅಜಿತಪುರಾಣವೂ ಇಲ್ಲ, ಗದಾಯುದ್ಧವೂ ಇಲ್ಲ.

ಆದರೆ ರನ್ನನಲ್ಲಿ ಗಮನಿಸತಕ್ಕದ್ದು ಅವನು ಹೋದನೆಂಬುದಷ್ಟೇ ಆಗಬಾರದು. ಮುಂದೆ ಚಾಲುಕ್ಯ ಚಕ್ರವರ್ತಿಯ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿಕೊಂಡ ಮೇಲೆ, 993ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಗಾಗಿ ಅಜಿತಪುರಾಣವನ್ನು ರಚಿಸುವಾಗ, ಅವನು ತನ್ನ ಊರನ್ನೂ ತಂದೆತಾಯಿಗಳನ್ನೂ ಬಳೆಗಾರ ಕುಲವನ್ನೂ ಗುರುವನ್ನೂ ಆಶ್ರಯ ಕೊಟ್ಟವರನ್ನೂ ಹೆಸರಿಟ್ಟು ಹೇಳಿದ್ದಾನೆ. ಒಂದನ್ನೂ ಮುಚ್ಚಿಡಲಿಲ್ಲ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟು ಉಪಕಾರಿಗಳ ನೆನಪನ್ನು ಮನೆಯಲ್ಲಿಯೇ ಉಳಿಸಿಕೊಂಡ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲಿರುವ ಕವಿರತ್ನ ಎಂಬ ಬರಹವು ಅವನದೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಅನಿಹ್ನವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕನ್ನಡ ನಾಡಿನಲ್ಲಿ ದೊರೆಯುವುದು ಕಷ್ಟ. ಇಂದು ಹೊಸ ಸಂಸ್ಥೆಗೆ ಸೇರಿದ ಕೆಲವು ಮಕ್ಕಳು ಮೊದಲ ವರ್ಷ ಓದಿದ ಕಾಲೇಜಿನ ಹೆಸರನ್ನೇ ಹೇಳದೆ, ಕೇಳಿದರೆ ಒಂದು ವರ್ಷ ಮನೆಯಲ್ಲಿದ್ದೆ ಎನ್ನುವುದುಂಟು. ಗಣಿತದ ಮೊದಲ ಪಾಠಗಳನ್ನು ಹೇಳಿಕೊಟ್ಟ ಬಾಗಲಕೋಟೆಯ ಅಧ್ಯಾಪಕ ಅವರ ಬಾಳಿನಲ್ಲಿ ಇರಲೇ ಇಲ್ಲವೆಂಬಂತಾಗುತ್ತದೆ. ಇದು ಚಿಕ್ಕ ವಿಷಯವೆಂದು ತೋರುತ್ತದೆ. ಜ್ಞಾನಾವರಣೀಯದ ಆಸ್ರವವು ಇಂಥ ಚಿಕ್ಕ ವಿಷಯಗಳಿಂದಲೇ ಎಂದು ಸೂತ್ರಕಾರರ ಅಭಿಪ್ರಾಯ.

ಊರು ಬಿಟ್ಟು ದೊಡ್ಡ ವಿದ್ಯಾಲಯಕ್ಕೆ ಹೋಗುವ ಮಕ್ಕಳಿಗೆ ಆಸರೆ ಕೊಡುವುದು ಈ ಭಾಗದ ಜೈನರಿಗೆ ಹೊಸದೂ ಅಲ್ಲ. 1899ರಲ್ಲಿ ಸ್ತವನಿಧಿ ಕ್ಷೇತ್ರದಲ್ಲಿ ಸ್ಥಾಪನೆಯಾದ, ಇಂದು ದಕ್ಷಿಣ ಭಾರತ ಜೈನ ಸಭೆಯೆಂದು ಹೆಸರಾದ ಸಂಸ್ಥೆಯು ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳನ್ನು ನಡೆಸಿದ್ದು ಇದೇ ಉದ್ದೇಶಕ್ಕಾಗಿ. ಕೊಲ್ಹಾಪುರದ ರಾಜಾರಾಮ ಕಾಲೇಜು, ಸಾಂಗಲಿಯ ವಿಲಿಂಗ್ಡನ್ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜು ಮೂರೂ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಕಾಲದಲ್ಲಿ ಇಂಟರ್ ಮುಗಿಸಿ ಇನ್ನೊಂದು ಕಾಲೇಜಿಗೆ ಹೋಗುವುದನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅಹಮದಾಬಾದಿನ ಜೈನ ಮನೆತನದ ವಿಕ್ರಮ ಸಾರಾಭಾಯಿಯವರು ಅಲ್ಲಿನ ಗುಜರಾತ್ ಕಾಲೇಜಿನಲ್ಲಿ ಇಂಟರ್ ಓದಿ ಕೇಂಬ್ರಿಜ್‌ಗೆ ಹೋದವರು. 1940ರಲ್ಲಿ ಅಲ್ಲಿ ಟ್ರೈಪೋಸ್ ಮುಗಿಸಿ, ಯುದ್ಧದ ದಿನಗಳಲ್ಲಿ ಹಿಂದಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ.ವಿ. ರಾಮನ್ನರ ಬಳಿ ಸಂಶೋಧನೆ ನಡೆಸಿದರು. 1947ರಲ್ಲಿ ತಮ್ಮ ಊರಿನಲ್ಲಿಯೇ ಭೌತ ಸಂಶೋಧನಾಲಯವನ್ನು ಆರಂಭಿಸಿದರು. ಅವರದು ಗಿರಣಿ ಮಾಲೀಕರ ಮನೆತನ, ಹಣದ ಚಿಂತೆ ಇರಲಿಲ್ಲ, ಯಾವ ಟ್ರಸ್ಟಿನ ಮುಂದೆಯೂ ಅರ್ಜಿ ಹಿಡಿದು ನಿಲ್ಲಬೇಕಾಗಿರಲಿಲ್ಲ. ಲೋಕಾಪುರದ ಹುಡುಗನ ಪ್ರಶ್ನೆ ಅಷ್ಟು ಸರಳವಲ್ಲ.

ಬಹಳ ಜನರನ್ನು ಹಿಂದಕ್ಕೆ ಕಳುಹಿಸುವ ಸಂಸ್ಥೆಯೇ ಶ್ರೇಷ್ಠವೆಂಬ ಭಾವನೆಯನ್ನು ಸಹ ಇಲ್ಲಿ ಸ್ವಲ್ಪ ವಿಚಾರಿಸಬೇಕು. ಏಳನೆಯ ಶತಮಾನದಲ್ಲಿ ನಾಲಂದಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನು ಅಲ್ಲಿನ ದ್ವಾರದಲ್ಲಿಯೇ ಬಂದವರನ್ನು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸುತ್ತಿದ್ದುದನ್ನೂ ಹತ್ತರಲ್ಲಿ ಏಳೆಂಟು ಜನ ಹಿಂದಿರುಗುತ್ತಿದ್ದುದನ್ನೂ ಬರೆದಿದ್ದಾನೆ. ಅಲ್ಲಿ ತಡೆದದ್ದು ಪಾತ್ರತೆಯ ಕೊರತೆ. ಸ್ಥಳದ ಕೊರತೆ ಬೇರೆಯದು. 2024ರಲ್ಲಿ ಜೆ.ಇ.ಇ. ಅಡ್ವಾನ್ಸ್ಡ್ ಬರೆದವರು 1,80,200 ಮಂದಿ, ಅರ್ಹರಾದವರು 48,248, ಐ.ಐ.ಟಿ.ಗಳಲ್ಲಿದ್ದ ಸ್ಥಾನಗಳು 17,740. ಅರ್ಹರೆಂದು ಪರೀಕ್ಷೆಯೇ ಒಪ್ಪಿದ ಮೂವತ್ತು ಸಾವಿರ ಮಕ್ಕಳಿಗೆ ಸ್ಥಾನವಿರಲಿಲ್ಲ. ಕೊನೆಯ ಸೀಟು ಪಡೆದವನಿಗೂ ಅವನ ಹಿಂದಿನವನಿಗೂ ನಡುವೆ ವಿದ್ಯೆಯ ಅಂತರವೇನೂ ಇರುವುದಿಲ್ಲ. ಆದರೂ ಒಂದು ಮನೆಯಲ್ಲಿ ಪೇಢೆ ಹಂಚುತ್ತಾರೆ, ಇನ್ನೊಂದು ಮನೆಯಲ್ಲಿ ಮಗು ಮುಖ ಮುಚ್ಚಿಕೊಂಡು ಮಲಗುತ್ತದೆ. ತೀರ್ಥಂಕರರ ಸಮವಸರಣದಲ್ಲಿ ದೇವ, ಮನುಷ್ಯ, ತಿರ್ಯಂಚರಿಗೂ ಕೋಷ್ಠಗಳಿದ್ದವೆಂದು ಪುರಾಣಗಳು ವರ್ಣಿಸುತ್ತವೆ. ಅಭವ್ಯರ ಮಾತು ಬೇರೆ. ಎಷ್ಟು ಜನರನ್ನು ಹೊರಗಿಟ್ಟರೆಂಬುದರಿಂದ ಆ ಸಭೆಯ ಮಹಿಮೆಯನ್ನು ಯಾರೂ ಅಳೆದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಎಣಿಸುವಾಗ ಜ್ಞಾನದ ಮದವನ್ನು ಮೊದಲಿಗೇ ಹೇಳಿದ್ದಾರೆ. ಪ್ರವೇಶ ಸಿಕ್ಕ ದಿನವೇ, ಒಂದಕ್ಷರ ಕಲಿಯುವ ಮೊದಲೇ, ಈ ಮದವು ತಂದೆತಾಯಿಗಳಿಗೆ ಹತ್ತುವುದನ್ನು ಈಗ ನೋಡಬಹುದು. ವಧೂವರರ ಪರಿಚಯ ಪುಸ್ತಕಗಳಲ್ಲಿ ಹುಡುಗ ಏನು ಓದಿದನೆಂಬುದಕ್ಕಿಂತ ಎಲ್ಲಿ ಓದಿದನೆಂಬುದು ದಪ್ಪ ಅಕ್ಷರದಲ್ಲಿರುತ್ತದೆ. ಆದುದರಿಂದ ಬದಲಾಗಬಯಸುವ ವಿದ್ಯಾರ್ಥಿಯನ್ನು ಮನೆಯ ಹಿರಿಯರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಅಲ್ಲಿ ಸಿಗುವ ಯಾವ ವಿದ್ಯೆ ಇಲ್ಲಿ ಸಿಗುವುದಿಲ್ಲ? ಪ್ರಯೋಗಶಾಲೆಯೋ, ಆ ವಿಷಯದ ಅಧ್ಯಾಪಕರೋ, ಒಂದು ಶಾಖೆಯೋ ಉತ್ತರವಾಗಿ ಬಂದರೆ ಹೋಗಲು ಕಾರಣವಿದೆ. ಹೆಸರು ಮಾತ್ರ ಉತ್ತರವಾಗಿ ಬಂದರೆ ಒಂದು ವರ್ಷವನ್ನೂ ತಂದೆಯ ಗಂಟನ್ನೂ ಅದಕ್ಕಾಗಿ ಕಳೆಯುವುದು ವ್ಯಾಪಾರದ ದೃಷ್ಟಿಯಿಂದಲೂ ನಷ್ಟವೇ.

ಇನ್ನು ಈ ವಿಷಯದಲ್ಲಿ ಅತ್ಯಂತ ಕಠಿಣವಾದ ಪ್ರಸಂಗವು ಜೈನರ ಮನೆಮನೆಗಳಲ್ಲಿ ಹೇಳುವ ಕಥೆಯಲ್ಲಿಯೇ ಇದೆ. ಅಕಲಂಕ ಮತ್ತು ನಿಕಲಂಕರ ಕಥೆಯನ್ನು ಪ್ರಭಾಚಂದ್ರರ ಕಥಾಕೋಶವು ಹೇಳುತ್ತದೆ, ದೇವಚಂದ್ರನ ರಾಜಾವಳೀಕಥೆಯು ಕೆಲವು ವ್ಯತ್ಯಾಸಗಳೊಡನೆ ಕನ್ನಡದಲ್ಲಿ ಹೇಳುತ್ತದೆ. ಮಾನ್ಯಖೇಟದ, ಅಂದರೆ ಇಂದಿನ ಮಳಖೇಡದ, ರಾಜಮಂತ್ರಿಯ ಇಬ್ಬರು ಮಕ್ಕಳು ಬಾಲ್ಯದಲ್ಲಿಯೇ ಬ್ರಹ್ಮಚರ್ಯ ವ್ರತ ಹಿಡಿದರು. ಬೌದ್ಧರ ತರ್ಕವನ್ನು ತಿಳಿಯದೆ ಅವರೊಡನೆ ವಾದ ಮಾಡಲಾಗದೆಂದು ಬಗೆದು ಬೌದ್ಧ ವಿದ್ಯಾಸ್ಥಾನಕ್ಕೆ ಹೋದರು. ಜೈನರಿಗೆ ಅಲ್ಲಿ ಪ್ರವೇಶವಿಲ್ಲದ್ದರಿಂದ ಧರ್ಮವನ್ನು ಮರೆಮಾಚಿ ವಿದ್ಯಾರ್ಥಿಗಳಾದರು. ಒಂದು ದಿನ ಗುರುವು ಪಾಠ ಹೇಳುವಾಗ ಸಪ್ತಭಂಗಿಯ ಪ್ರಕರಣದಲ್ಲಿ ಪಾಠ ಕೆಟ್ಟಿದ್ದು ಅರ್ಥವಾಗದೆ ನಿಂತ. ಅವನು ಹೊರಗೆ ಹೋಗಿ ಬರುವಷ್ಟರಲ್ಲಿ ಅಕಲಂಕನು ಅದನ್ನು ತಿದ್ದಿಟ್ಟ. ತಿದ್ದಿದವನು ಜೈನನೇ ಆಗಿರಬೇಕೆಂದು ಗುರುವಿಗೆ ಸಂಶಯ ಬಂದಿತು. ಜಿನಪ್ರತಿಮೆಯನ್ನು ದಾಟಿಹೋಗುವಂತೆ ಎಲ್ಲರಿಗೂ ಆಜ್ಞೆಯಾಯಿತು. ಸೋದರರು ಪ್ರತಿಮೆಯ ಮೇಲೆ ಒಂದು ದಾರವನ್ನಿಟ್ಟು, ಅದು ಪರಿಗ್ರಹಯುಕ್ತವಾಯಿತೆಂದು ಭಾವಿಸಿ ದಾಟಿದರು. ಕೊನೆಗೆ ನಡುರಾತ್ರಿ ಪಾತ್ರೆಗಳನ್ನು ಧಡಾರನೆ ಕೆಡಹಿದಾಗ ಬೆಚ್ಚಿಬಿದ್ದ ಅವರ ಬಾಯಿಂದ ಪಂಚನಮಸ್ಕಾರ ಹೊರಬಿದ್ದು ಸಿಕ್ಕಿಬಿದ್ದರು. ತಪ್ಪಿಸಿಕೊಂಡು ಓಡುವಾಗ, ಏಕಪಾಠಿಯಾದ ಅಣ್ಣ ಉಳಿದರೆ ಧರ್ಮಕ್ಕೆ ಪ್ರಯೋಜನವೆಂದು ಅವನನ್ನು ಕೆರೆಯಲ್ಲಿ ಅಡಗಿಸಿ ನಿಕಲಂಕನು ಮುಂದೆ ಓಡಿ ಹತನಾದ. ಸೈನಿಕರು ಬರುವುದನ್ನು ಕಂಡು ಹೆದರಿ ಅವನೊಡನೆ ಓಡಿದ ಒಬ್ಬ ಅಗಸನೂ ಹತನಾದ.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅಗಸನ ಸಾವನ್ನು ಬಿಟ್ಟುಬಿಡುವವರೇ ಹೆಚ್ಚು. ಬಿಡಬಾರದು. ಆ ವಿದ್ಯಾಸ್ಥಾನದ ಹೆಸರನ್ನೂ ಕೇಳದ, ಆ ಗುಟ್ಟಿಗೆ ಸಂಬಂಧವೇ ಇಲ್ಲದ ಒಬ್ಬ ಬಡವ ಅದರ ಬೆಲೆಯನ್ನು ತೆತ್ತ. ಪ್ರವೇಶಕ್ಕಾಗಿ ಮರೆಮಾಚಿದ್ದು ಕ್ಷಮ್ಯವೆಂದು ಹೇಳುವವರು ಅಲ್ಲಿ ಧರ್ಮರಕ್ಷಣೆಯ ಕಾರಣವಿತ್ತೆನ್ನುತ್ತಾರೆ, ಜಾತಿ ಮತಗಳನ್ನು ನೋಡಿ ಬಾಗಿಲು ಮುಚ್ಚಿದವರ ತಪ್ಪೂ ಇತ್ತೆನ್ನುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಕಥೆ ಹೇಳಿದವರು ಸೋದರರಿಗೆ ಸುಖಾಂತ್ಯವನ್ನು ಕೊಡಲಿಲ್ಲವೆಂಬುದನ್ನು ಮರೆಯಬಾರದು. ತಿದ್ದಿದ ಒಂದು ಸಾಲೂ ನಿದ್ದೆಗಣ್ಣಿನ ಒಂದು ನಮಸ್ಕಾರವೂ ಅವರನ್ನು ಹಿಡಿದುಕೊಟ್ಟವು, ಎಂದರೆ ಕಲಿತದ್ದನ್ನೂ ನಂಬಿದ್ದನ್ನೂ ಬಹುಕಾಲ ಮುಚ್ಚಿಡಲಾಗದೆಂದು ಕಥೆಯೇ ತೋರಿಸುತ್ತದೆ. ಇತಿಹಾಸದ ದೃಷ್ಟಿಯಿಂದ ಈ ಕಥೆ ಆಚಾರ್ಯರ ಕಾಲಕ್ಕಿಂತ ಬಹಳ ಈಚಿನದು. ಎಂಟನೆಯ ಶತಮಾನದ ಅಕಲಂಕದೇವರಂತೂ ತತ್ತ್ವಾರ್ಥಸೂತ್ರಕ್ಕೆ ರಾಜವಾರ್ತಿಕವೆಂಬ ಮಹಾವ್ಯಾಖ್ಯಾನವನ್ನು ಬರೆದವರು. ನಿಹ್ನವವನ್ನು ಜ್ಞಾನಕ್ಕೆ ಆವರಣವೆಂದು ಹೇಳುವ ಸೂತ್ರಕ್ಕೂ ಅವರೇ ವ್ಯಾಖ್ಯಾನಕಾರರು. ಅವರ ಹೆಸರನ್ನು ಮುಂದಿಟ್ಟುಕೊಂಡು ಅರ್ಜಿಯಲ್ಲಿ ಸುಳ್ಳು ಬರೆಯಲು ಯಾವ ವಿದ್ಯಾರ್ಥಿಗೂ ಅವಕಾಶವಿಲ್ಲ.

ಅರ್ಜಿಯ ಸುಳ್ಳಿಗೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ಅಂದರೆ ಸುಳ್ಳು ದಾಖಲೆಯನ್ನು ಸೃಷ್ಟಿಸುವುದು. 2007ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಬೋಡನ್ ಎಂಬ ಕಾಲೇಜಿನಿಂದ ಹಾರ್ವರ್ಡಿಗೆ ಬದಲಾದ. ತಾನು ಎಂದೂ ಓದದ ಎಂ.ಐ.ಟಿ.ಯಲ್ಲಿ ಓದಿದ್ದಾಗಿ ಸುಳ್ಳು ಅಂಕಪಟ್ಟಿಯನ್ನೂ ಸುಳ್ಳು ಶಿಫಾರಸುಗಳನ್ನೂ ಒಪ್ಪಿಸಿದ್ದ. ಎರಡು ವರ್ಷ ಅಲ್ಲಿ ಓದಿ ಬಹುಮಾನಗಳನ್ನೂ ಗಳಿಸಿ, ಇನ್ನೂ ದೊಡ್ಡ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಾಗ ಸಿಕ್ಕಿಬಿದ್ದು, 2010ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. 2024ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಬೆಳಕಿಗೆ ಬಂದ ಪ್ರಕರಣ ಭಾರತದ ಹುಡುಗನದು. ಪೂರ್ಣ ನೆರವನ್ನು ಪಡೆಯಲು ಅವನು ಬದುಕಿರುವ ತಂದೆಯ ಮರಣಪತ್ರವನ್ನು ಸೃಷ್ಟಿಸಿದ್ದ. ಒಂದು ಸೀಟಿಗಾಗಿ ಮನೆಯಲ್ಲಿ ಊಟ ಮಾಡುತ್ತಿರುವ ತಂದೆಯನ್ನು ಕಾಗದದ ಮೇಲೆ ಸಾಯಿಸಿದ ಈ ವಿಷಯಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ಸುಳ್ಳಿಲ್ಲದೆ, ಮದವಿಲ್ಲದೆ, ವಿದ್ಯೆಗಾಗಿಯೇ ಹೋಗುವವನಿಗೂ ಒಂದು ಋಣ ಉಳಿಯುತ್ತದೆ. ಅದು ಬಿಟ್ಟುಹೋದ ಸ್ಥಾನದ್ದು. ಹಿಂದಿನ ಕಾಲದಲ್ಲಿ ಕಾಲೇಜಿನ ಬೆಂಚಿನ ಮೇಲೆ ಇನ್ನೊಬ್ಬನಿಗೆ ಜಾಗ ಮಾಡಿಕೊಳ್ಳಬಹುದಿತ್ತು. ಈಗ ಪ್ರತಿ ಸೀಟಿಗೂ ಲೆಕ್ಕವಿದೆ. ಸಿ.ಇ.ಟಿ. ಹಂಚಿಕೆಯ ಕೊನೆಯ ಸುತ್ತಿನ ಮೊದಲೇ ಬಿಟ್ಟುಕೊಟ್ಟ ಸೀಟು ಮುಂದಿನ ರ‍್ಯಾಂಕಿನವನಿಗೆ ಹೋಗುತ್ತದೆ. ಕೊನೆಯ ಸುತ್ತು ಮುಗಿದ ಮೇಲೆ ಬಿಟ್ಟದ್ದು ಆ ವರ್ಷದ ಮಟ್ಟಿಗೆ ಯಾರಿಗೂ ದಕ್ಕುವುದಿಲ್ಲ. ಬಾದಾಮಿಯಲ್ಲಿಯೋ ಬೀಳಗಿಯಲ್ಲಿಯೋ ಒಬ್ಬ ಹುಡುಗಿ ಆ ಸೀಟು ಸಿಗದೆ ಬೇರೆ ಶಾಖೆಗೆ ಸೇರಿಯಾಗಿರುತ್ತದೆ. ಹೋಗಬೇಕೆಂದು ಮೊದಲೇ ನಿಶ್ಚಯಿಸಿದ್ದು, ಇರಲಿ ಎಂದು ಕೈಯಲ್ಲೊಂದು ಸೀಟನ್ನು ಹಿಡಿದುಕೊಂಡಿರುವುದು ಇನ್ನೊಬ್ಬರ ಜ್ಞಾನಕ್ಕೆ ಅಂತರಾಯ. ಎರಡನೆಯ ಸಲ ಬರೆದರೆ ಸಿಗಬಹುದು, ಸಿಗದಿರಬಹುದು ಎಂಬ ಸ್ಥಿತಿಯಲ್ಲಿ ಸೀಟನ್ನು ಇಟ್ಟುಕೊಳ್ಳುವುದು ಬೇರೆ. ಅದನ್ನು ಜೀವನೋಪಾಯದ ಎಚ್ಚರಿಕೆಯೆಂದು ಒಪ್ಪಬೇಕಾಗುತ್ತದೆ. ಎಲ್ಲ ಬಡ ಮನೆಗಳಿಗೂ ಒಂದು ವರ್ಷ ಮಗನನ್ನು ಬರಿದೇ ಕೂರಿಸುವ ಶಕ್ತಿ ಇರುವುದಿಲ್ಲ. ಇವೆರಡರ ನಡುವಿನ ಗೆರೆ ಬಲು ತೆಳುವಾದದ್ದು, ಅದು ಹುಡುಗನ ಅಂತರಂಗಕ್ಕೆ ಮಾತ್ರ ಗೊತ್ತು. ಪ್ರವೇಶ ಖಚಿತವಾದ ದಿನವೇ ಹಳೆಯ ಕಾಲೇಜಿಗೆ ಪತ್ರ ಬರೆದು ತಿಳಿಸುವುದು, ಹೊಸ ಊರಿನ ಗಾಡಿ ಹತ್ತುವವರೆಗೂ ಕಾಯದಿರುವುದು, ಹೊರಗೆ ಕಾಣುವ ಏಕೈಕ ಸಾಕ್ಷಿ.

ಕಾಲೇಜಿನ ಪಾಲಿಗೂ ಅಂತರಾಯವಿದೆ. ಬಿಟ್ಟುಹೋಗುವವನ ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಂಡು, ಉಳಿದ ಮೂರು ವರ್ಷಗಳ ಶುಲ್ಕವನ್ನೆಲ್ಲ ಕಟ್ಟಿದರೆ ಮಾತ್ರ ಕೊಡುವೆವೆನ್ನುವ ಸಂಸ್ಥೆಗಳು ಇದ್ದವು. 2018ರಲ್ಲಿ ಯು.ಜಿ.ಸಿ.ಯು ಮೂಲ ಪತ್ರಗಳನ್ನು ಇಟ್ಟುಕೊಳ್ಳಕೂಡದೆಂದು ಅಧಿಸೂಚನೆ ಹೊರಡಿಸಿದ್ದು ಇಂಥ ದೂರುಗಳಿಂದಲೇ. ಜೈನರೇ ನಡೆಸುವ ವಿದ್ಯಾಸಂಸ್ಥೆಗಳಂತೂ ಯು.ಜಿ.ಸಿ. ಹೇಳುವವರೆಗೆ ಕಾಯಬೇಕಾಗಿಲ್ಲ. ಕಲಿಯಲು ಹೊರಟವನ ದಾರಿಗೆ ಅಡ್ಡ ಬರುವುದು ಅಂತರಾಯವೇ, ಯೋಗ್ಯನಿಗೆ ವಿದ್ಯೆಯನ್ನು ಕೊಡದಿರುವುದು ಮಾತ್ಸರ್ಯವೇ.

ಉಳಿದದ್ದು ಟ್ರಸ್ಟಿನ ಹಣದ ಮಾತು. ಇಲ್ಲಿ ಮೊದಲು ಒಂದು ವಿವೇಕ ಬೇಕು. ದೇವರ ಮುಂದೆ ಅರ್ಪಿಸಿದ ದ್ರವ್ಯ ನಿರ್ಮಾಲ್ಯ, ಅದು ವಿದ್ಯಾರ್ಥಿವೇತನಕ್ಕೆ ಬರುವುದಿಲ್ಲ. ವಿದ್ಯಾದಾನಕ್ಕೆಂದೇ ದಾನಿಗಳು ಕೊಟ್ಟ ನಿಧಿಯ ಕೀರ್ದಿ ಖತಾವಣಿ ಬೇರೆಯೇ ಇರತಕ್ಕದ್ದು. ತೇರದಾಳದ ನೇಮಿನಾಥ ಬಸದಿಯ 1123ರ ಶಾಸನದಲ್ಲಿ ಮಂಡಲಿಕ ಗೊಂಕನು ಬಿಟ್ಟ ದತ್ತಿಯು ಯಾವ ಕಾರ್ಯಕ್ಕೆ, ಯಾವ ಆಚಾರ್ಯರ ವಶಕ್ಕೆ ಎಂಬುದನ್ನು ಕಲ್ಲಿನ ಮೇಲೆ ಕೊರೆದಿಟ್ಟಿದ್ದಾರೆ. ಒಂಬತ್ತು ಶತಮಾನಗಳ ಅನಂತರ ಟೈಪು ಮಾಡಿದ ಮಂಜೂರಾತಿ ಪತ್ರದಲ್ಲಿ ಅಷ್ಟು ಸ್ಪಷ್ಟತೆಯೂ ಇರುವುದಿಲ್ಲವೆಂಬುದು ವಿಷಾದದ ಸಂಗತಿ. ವೇತನವನ್ನು ಕೊಡುವುದು ಕಾಲೇಜಿಗೋ ವಿದ್ಯಾರ್ಥಿಗೋ ಎಂಬುದನ್ನೇ ಅನೇಕ ಟ್ರಸ್ಟುಗಳು ಬರೆದಿರುವುದಿಲ್ಲ. ಹುಡುಗ ಬದಲಾದಾಗ ವಿಶ್ವಸ್ಥರಲ್ಲಿ ಅರ್ಧ ಜನ ನಿಲ್ಲಿಸಬೇಕೆನ್ನುತ್ತಾರೆ, ಅರ್ಧ ಜನ ಹೆಚ್ಚಿಸಬೇಕೆನ್ನುತ್ತಾರೆ, ಕೊನೆಗೆ ಹುಡುಗನ ತಂದೆಯ ಪರಿಚಯ ಯಾರಿಗೆ ಹೆಚ್ಚೋ ಅವರ ಮಾತು ನಡೆಯುತ್ತದೆ.

ದಾನವು ಜ್ಞಾನಕ್ಕಾಗಿ ಎಂದ ಮೇಲೆ ಅದು ವಿದ್ಯಾರ್ಥಿಯ ಜೊತೆಯಲ್ಲಿ ಹೋಗುವುದೇ ನ್ಯಾಯ. ಬಾಗಲಕೋಟೆಯಲ್ಲಿ ಓದಿದರೆ ಜ್ಞಾನದಾನ, ಮುಂಬಯಿಯಲ್ಲಿ ಓದಿದರೆ ಅಲ್ಲವೆಂದು ಹೇಳಲು ಆಧಾರವಿಲ್ಲ. ಆದರೆ ಮಂಜೂರಾದ ಮೊತ್ತಕ್ಕಿಂತ ಹೆಚ್ಚಿಗೆ ಕೊಡಬೇಕೆಂಬ ಹಕ್ಕು ಅವನಿಗಿಲ್ಲ. ಕಳೆದುಹೋದ ಒಂದು ವರ್ಷದ ಕಂತನ್ನು ಟ್ರಸ್ಟು ಎರಡನೆಯ ಸಲ ಕೊಡಬೇಕಾಗಿಲ್ಲ. ಆ ಒಂದು ವರ್ಷವನ್ನು ಕಳೆದದ್ದು ಅವನ ಆಯ್ಕೆ, ಅದೇ ನಿಧಿಯ ಎದುರು ಇನ್ನೊಂದು ಮಗುವಿನ ಅರ್ಜಿ ಕಾದಿದೆ. ಹೊಸ ಸಂಸ್ಥೆಯೇ ಪೂರ್ಣ ನೆರವು ಕೊಟ್ಟರೆ ಉಳಿದ ಕಂತುಗಳನ್ನು ಬಿಟ್ಟುಕೊಡಬೇಕು. ಹೇಳದೆ ಎರಡೂ ಕಡೆ ಪಡೆಯುವುದು ಸತ್ಯಾಣುವ್ರತದ ಇನ್ನೊಂದು ಅತಿಚಾರವಾದ ನ್ಯಾಸಾಪಹಾರಕ್ಕೆ ಹತ್ತಿರವಾದದ್ದು. ಇಟ್ಟವನು ಮರೆತ ನಿಕ್ಷೇಪವನ್ನು ತಾನಾಗಿ ನೆನಪಿಸದೆ ನುಂಗುವವನಿಗೂ ಇವನಿಗೂ ಹೆಚ್ಚಿನ ಭೇದ ಕಾಣುವುದಿಲ್ಲ.

ಓದಿದ ಮೇಲೆ ಊರಿಗೆ ಹಿಂದಿರುಗಬೇಕೆಂದು ಬಾಂಡ್ ಬರೆಸಿಕೊಳ್ಳಬೇಕೆಂಬ ಸೂಚನೆ ಕೆಲವೆಡೆ ಕೇಳಿಬರುತ್ತದೆ. ದಿಗ್ವ್ರತವು ಶ್ರಾವಕನು ತಾನಾಗಿ ಹಾಕಿಕೊಳ್ಳುವ ಮಿತಿ, ಇನ್ನೊಬ್ಬರು ಹೊರಿಸುವುದಲ್ಲ. ಹದಿನೆಂಟು ವರ್ಷದ ಹುಡುಗನ ಕಾಲಿಗೆ ಕಟ್ಟಿದ ಇಂಥ ಹಗ್ಗದಿಂದ ಟ್ರಸ್ಟಿಗೂ ಲಾಭವಿಲ್ಲ. ಅದಕ್ಕೆ ಬದಲಾಗಿ, ದುಡಿಯಲು ಆರಂಭಿಸಿದ ಮೇಲೆ ಪಡೆದಷ್ಟನ್ನು ಬಡ್ಡಿಯಿಲ್ಲದೆ ಅದೇ ನಿಧಿಗೆ ಮರಳಿಸುವುದಾಗಿ ಬರೆಸಿಕೊಳ್ಳುವುದು ಸಾಕು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಚರ್ಚೆಯೇ ನಡೆಯುವುದಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ಅದೂ ಒಂದು ಬಗೆಯ ನಿಹ್ನವವಾದೀತು. ಮಗ ಐ.ಐ.ಟಿ.ಗಾಗಿ ಒಂದು ವರ್ಷ ಕಳೆದರೆ ಛಲವೆನ್ನುವ ಮನೆಯೇ ಮಗಳು ಹುಬ್ಬಳ್ಳಿಯಿಂದ ಸುರತ್ಕಲ್ಲಿಗೆ ಬದಲಾಗುವೆನೆಂದರೆ ಇದ್ದಲ್ಲಿಯೇ ಓದೆನ್ನುತ್ತದೆ. ಆದಿನಾಥ ಸ್ವಾಮಿಯು ಲಿಪಿಯನ್ನು ಬ್ರಾಹ್ಮಿಗೂ ಅಂಕವನ್ನು ಸುಂದರಿಗೂ ಮೊದಲು ಕಲಿಸಿದನೆಂದು ಹೇಳುವ ಸಮಾಜದಲ್ಲಿ ಟ್ರಸ್ಟಿನ ಮುಂದೆ ಹುಡುಗಿಯ ಅರ್ಜಿ ಬಂದಾಗ ಮದುವೆಯ ವಯಸ್ಸನ್ನು ಲೆಕ್ಕ ಹಾಕುವುದು ನಿಲ್ಲಬೇಕಾಗಿದೆ. ಮುಂದಿನ ಜೂನ್ ತಿಂಗಳ ಸಭೆಗೆ ಮುನ್ನ ಪ್ರತಿ ಟ್ರಸ್ಟೂ ತನ್ನ ಮಂಜೂರಾತಿ ಪತ್ರದ ಒಕ್ಕಣೆಯನ್ನು ಒಮ್ಮೆ ತೆಗೆದು ಓದಿ, ವಿದ್ಯಾರ್ಥಿಯು ಕಾಲೇಜನ್ನು ಬದಲಿಸಿದಲ್ಲಿ ಏನು ಎಂಬ ಒಂದು ಕಲಮನ್ನು, ಹುಡುಗ ಹುಡುಗಿ ಎಂಬ ಭೇದವಿಲ್ಲದೆ, ಸೇರಿಸಿಕೊಳ್ಳಬಹುದು. ಮೊದಲ ಕಾಲೇಜಿನ ಹೆಸರನ್ನೂ ಅಲ್ಲಿನ ಒಬ್ಬ ಅಧ್ಯಾಪಕರ ಹೆಸರನ್ನೂ ವಿದ್ಯಾರ್ಥಿಯೇ ತನ್ನ ಕೈಯಿಂದ ಬರೆಯಲು ಅದೇ ಪತ್ರದಲ್ಲಿ ಎರಡು ಸಾಲು ಜಾಗ ಬಿಟ್ಟಿದ್ದರೆ ಒಳ್ಳೆಯದು.